‘ರೇಟ್ ಎಷ್ಟು?’ ಅಂತ ಮಾತ್ರ ಕೇಳುವವರಿಗೆ ಏನು ಉತ್ತರ ಕೊಡುವುದು?

ಪ್ರಶ್ನೆ: ನಮಸ್ಕಾರ ಸರ್. ಮದುವೆ ವಿಡಿಯೊ ಕೆಲಸವನ್ನು ಈಚೆಗೆ ಸ್ವಂತವಾಗಿ ಶುರು ಮಾಡಿದ್ದೇನೆ. ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ನಲ್ಲಿ ಜನ ವಿಚಾರಿಸುತ್ತಾರೆ. ಕೇಳುವುದು ಒಂದೇ ಮಾತು, ‘ರೇಟ್ ಎಷ್ಟು?’ ನಾನು ಪ್ಯಾಕೇಜ್‌ಗಳ ಪಿಡಿಎಫ್ ಕಳಿಸುತ್ತೇನೆ. ನೀಲಿ ಟಿಕ್ ಬೀಳುತ್ತದೆ, ಆಮೇಲೆ ಸುದ್ದಿಯೇ ಇಲ್ಲ. ಏನು ಮಾಡಲಿ?

ಉತ್ತರ: ರೇಟ್ ಕೇಳುವವರೆಲ್ಲ ಚೌಕಾಸಿಗೆ ಬಂದವರಲ್ಲ. ಹೆಚ್ಚಿನವರು ಮದುವೆ ವಿಡಿಯೊ ಮಾಡಿಸುತ್ತಿರುವುದು ಇದೇ ಮೊದಲು. ಎಷ್ಟು ಕ್ಯಾಮೆರಾ, ಎಷ್ಟು ಹೊತ್ತು, ಮಾತಿನ ಧ್ವನಿ ಹೇಗೆ ರೆಕಾರ್ಡ್ ಮಾಡುತ್ತೀರಿ ಅಂತೆಲ್ಲ ಕೇಳಬೇಕು ಎಂದು ಅವರಿಗೆ ಹೊಳೆಯುವುದೇ ಇಲ್ಲ. ಗೊತ್ತಿರುವ ಒಂದು ಪ್ರಶ್ನೆ ಕೇಳುತ್ತಾರೆ, ಅಷ್ಟೇ.

ಪಿಡಿಎಫ್ ಕಳಿಸಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅವರು ಕೊನೆಯ ಪುಟದ ಮೊತ್ತ ನೋಡುತ್ತಾರೆ, ಮುಚ್ಚುತ್ತಾರೆ. ನೀವು ಏನೂ ಕೇಳಿಲ್ಲವಲ್ಲ, ಅವರು ಯಾವುದಕ್ಕೆ ಉತ್ತರ ಬರೆಯಬೇಕು?

ಹೀಗೆ ಬರೆದು ನೋಡಿ: ‘ಅಭಿನಂದನೆಗಳು! ಆ ದಿನ ನಾನು ಫ್ರೀ ಇದ್ದೇನೆ. ಒಂದು ದಿನದ ಕೆಲಸ ಇಷ್ಟರಿಂದ ಶುರು. ಅದರಲ್ಲಿ ಎರಡು ಕ್ಯಾಮೆರಾ, ನಾಲ್ಕೈದು ನಿಮಿಷದ ಹೈಲೈಟ್, ಪೂರ್ತಿ ವಿಡಿಯೊ ಬರುತ್ತದೆ. ಮದುವೆ ಎಲ್ಲಿ? ಎಷ್ಟು ಹೊತ್ತಿನ ಕಾರ್ಯಕ್ರಮ?’ ತಾರೀಕು ಹೇಳಿಲ್ಲ ಅಂದರೆ ಮೊದಲು ಅದನ್ನೇ ಕೇಳಿ. ಆ ದಿನ ನೀವು ಬುಕ್ ಆಗಿದ್ದರೆ ಉಳಿದ ಮಾತೆಲ್ಲ ದಂಡ. ಪ್ರಶ್ನೆ ಎರಡಕ್ಕಿಂತ ಜಾಸ್ತಿ ಬೇಡ, ಅರ್ಜಿ ತುಂಬಿಸಿದ ಹಾಗಾಗುತ್ತದೆ.

‘ಫೋನ್ ಮಾಡಿ, ರೇಟ್ ಆಮೇಲೆ ಹೇಳ್ತೀನಿ’ ಅನ್ನುವವರೂ ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಕೇಳಿದ್ದಕ್ಕೆ ಉತ್ತರ ಸಿಗದಿದ್ದರೆ ಅನುಮಾನ ಬರುತ್ತದೆ. ಶುರುವಿನ ಮೊತ್ತ ಹೇಳಿ, ಫೋನಿನ ಮಾತು ಆಮೇಲೆ ತಾನಾಗೇ ಬರುತ್ತದೆ. ಅವರ ಬಜೆಟ್‌ಗೆ ನೀವು ಎಟುಕದಿದ್ದರೆ ಅದೂ ಮೊದಲ ದಿನವೇ ಗೊತ್ತಾಗಲಿ.

ಪ್ರಶ್ನೆ: ನಾನೂ ಇದೇ ಕೆಲಸದಲ್ಲಿದ್ದೇನೆ. ಶೂಟ್ ನಡೆಯುವಾಗ ಮೆಸೇಜ್ ಬಂದರೆ ಸಂಜೆವರೆಗೂ ನೋಡಲು ಆಗುವುದಿಲ್ಲ. ಅಷ್ಟರಲ್ಲಿ ಬೇರೆಯವರು ಬುಕ್ ಮಾಡಿಕೊಂಡಿರುತ್ತಾರೆ.

ಉತ್ತರ: ಹೌದು ಮೇಡಂ. ಜನ ಒಟ್ಟಿಗೆ ನಾಲ್ಕೈದು ಮಂದಿಗೆ ಮೆಸೇಜ್ ಹಾಕಿರುತ್ತಾರೆ, ಮೊದಲು ಸರಿಯಾಗಿ ಮಾತಾಡಿದವರ ಕಡೆ ಮನಸ್ಸು ವಾಲುತ್ತದೆ. ಹಾಗಂತ ಒಬ್ಬರ ಮದುವೆಯಲ್ಲಿ ನಿಂತು ಇನ್ನೊಬ್ಬರಿಗೆ ಟೈಪ್ ಮಾಡುವುದು ಚೆನ್ನಾಗಿರಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ನಾವಿಲ್ಲದಾಗ ತಾನಾಗೇ ಹೋಗುವ ಮೆಸೇಜ್ ಇಡಬಹುದು. ‘ಇವತ್ತು ಶೂಟ್‌ನಲ್ಲಿದ್ದೇನೆ, ರಾತ್ರಿ ಒಂಬತ್ತರೊಳಗೆ ಉತ್ತರಿಸುತ್ತೇನೆ, ಮದುವೆ ತಾರೀಕು ಕಳಿಸಿರಿ’ ಅಂತ ಹಾಕಿ. ಹೇಳಿದ ಹೊತ್ತಿಗೆ ಉತ್ತರಿಸಲೇಬೇಕು. ಸಿದ್ಧ ಉತ್ತರಗಳನ್ನು ಅದರಲ್ಲೇ ಉಳಿಸಿಡಬಹುದು, ಆದರೆ ಮೊದಲ ಸಾಲನ್ನು ಪ್ರತಿ ಸಲ ಹೊಸದಾಗಿ ಬರೆಯಿರಿ.

ಪ್ರಶ್ನೆ: ಸ್ಯಾಂಪಲ್ ಕೇಳಿದರೆ ಟೀಸರ್ ಕಳಿಸಿದರೆ ಸಾಕಾ? ಮತ್ತೆ ‘ಎಡಿಟ್ ಮಾಡದ ರಾ ಫುಟೇಜ್ ಪೂರ್ತಿ ಕೊಡ್ತೀರಾ’ ಅಂತಾರೆ, ಇದಕ್ಕೆ ಏನು ಹೇಳೋದು?

ಉತ್ತರ: ಟೀಸರ್ ಎಲ್ಲರದ್ದೂ ಚೆನ್ನಾಗೇ ಇರುತ್ತದೆ. ಸ್ಲೋ ಮೋಷನ್, ಹಾಡು, ಮುಗೀತು. ಮಾತು ಸ್ಪಷ್ಟವಾಗಿ ಕೇಳಿಸುತ್ತದಾ, ಕತ್ತಲ ಹಾಲ್‌ನಲ್ಲಿ ಮುಖ ಕಾಣುತ್ತದಾ ಅಂತ ಗೊತ್ತಾಗುವುದು ಪೂರ್ತಿ ವಿಡಿಯೊದಲ್ಲಿ. ಆ ಮನೆಯವರು ಒಪ್ಪಿದರೆ, ಒಂದೇ ಮದುವೆಯ ಹೈಲೈಟ್ ಮತ್ತು ಪೂರ್ತಿ ವಿಡಿಯೊ ಎರಡನ್ನೂ ತೋರಿಸಿ.

ರಾ ಫುಟೇಜ್‌ಗೆ ಲೆಕ್ಕ ಹೇಳಿಬಿಡಿ. 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 45 ಜಿಬಿ. ಎರಡು ಕ್ಯಾಮೆರಾ, ಆರು ಗಂಟೆ ಅಂದರೆ 540 ಜಿಬಿ. ಲಾಗ್‌ನಲ್ಲಿ, ಅಂದರೆ ಬಣ್ಣವನ್ನು ಎಡಿಟಿಂಗ್‌ನಲ್ಲಿ ಸರಿಮಾಡಿಕೊಳ್ಳಲೆಂದು ಇರುವ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ, ತೆಗೆದಿದ್ದರೆ ಬಣ್ಣ ಪೇಲವವಾಗಿರುತ್ತದೆ, ಎಷ್ಟೋ ಸಲ ಧ್ವನಿ ಬೇರೆ ಫೈಲ್‌ನಲ್ಲಿರುತ್ತದೆ. ಇಷ್ಟು ತಿಳಿಸಿದರೆ ಹಲವರು ಬೇಡ ಅನ್ನುತ್ತಾರೆ. ಆದರೂ ಬೇಕು ಅಂದವರಿಗೆ ಕೊಡಿ. ಹಾರ್ಡ್ ಡಿಸ್ಕ್ ಅವರದ್ದು, ಕಾಪಿ ಮಾಡಲು ಬೇರೆ ಚಾರ್ಜ್ ಇದೆಯೋ ಇಲ್ಲವೋ ಎಂದು ಬುಕಿಂಗ್‌ಗೆ ಮೊದಲೇ ಹೇಳಿ. ವಿಡಿಯೊಗೆ ಸಿನಿಮಾ ಹಾಡು ಹಾಕಿ ಅಂದರೂ ಅಷ್ಟೇ. ಅಪ್‌ಲೋಡ್ ಮಾಡಿದಾಗ ಕಾಪಿರೈಟ್‌ನಿಂದಾಗಿ ಮ್ಯೂಟ್ ಆಗಬಹುದು ಅಂತ ಮೊದಲೇ ಗೊತ್ತಿದ್ದರೆ ಆಮೇಲೆ ಜಗಳವಿಲ್ಲ.

ಪ್ರಶ್ನೆ: ‘ಮನೆಯಲ್ಲಿ ಕೇಳಿ ಹೇಳ್ತೀವಿ’ ಅಂದವರನ್ನು ಎಷ್ಟು ಸಲ ವಿಚಾರಿಸಬಹುದು?

ಉತ್ತರ: ಎರಡು ಸಲ. ಮೂರು ದಿನ ಬಿಟ್ಟು ಒಮ್ಮೆ, ‘ಮನೆಯವರಿಗೆ ಏನಾದರೂ ಸಂದೇಹ ಇದೆಯಾ?’ ಅಂತ. ಹಣ ಕೊಡುವವರು ಬೇರೆ, ಮೆಸೇಜ್ ಹಾಕಿದವರು ಬೇರೆ ಆಗಿರುತ್ತಾರಲ್ವಾ, ಅಪ್ಪ ಅಮ್ಮನ ಜೊತೆಯೂ ಮಾತಾಡಲು ರೆಡಿ ಅಂತ ತಿಳಿಸಿ. ಅದೇ ತಾರೀಕಿಗೆ ಬೇರೆಯವರು ನಿಜವಾಗಿ ಕೇಳಿದಾಗ ಇನ್ನೊಮ್ಮೆ. ಸುಮ್ನೆ ‘ತುಂಬಾ ಡಿಮ್ಯಾಂಡ್ ಇದೆ’ ಅಂತ ಹೆದರಿಸಬೇಡಿ. ಅಡ್ವಾನ್ಸ್ ಬಂದ ಮೇಲೇ ಡೇಟ್ ಬ್ಲಾಕ್ ಆಗುವುದು ಅಂತ ಮೊದಲ ಮಾತುಕತೆಯಲ್ಲೇ ಬರೆದು ಕಳಿಸಿದ್ದರೆ, ಹೆದರಿಸುವ ಅಗತ್ಯವೂ ಬೀಳುವುದಿಲ್ಲ.