ಅಡಿಕೆ ಸುಗ್ಗಿಯಲ್ಲಿ ರಾತ್ರಿಗೆ ಒಂದೇ ಪಾತ್ರೆಯ ಊಟ, ತರಕಾರಿ ಹೆಚ್ಚಿರಬೇಕು: ಸಲಹೆ ಕೊಡಿ

ತೋಟದಂಚು, ಶಿರಸಿ

ದೀಪಾವಳಿ ಮುಗಿಯಿತು, ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮರ ಹತ್ತಿದ್ದಾರೆ. ನಮ್ಮದು ಕೆಂಪಡಿಕೆ ಮಾಡುವ ಮನೆ. ಕೊಯ್ದ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಸುಲಿಯಬೇಕು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಬೇಕು, ಅಟ್ಟದ ಮೇಲೆ ಹರವಬೇಕು. ಹೊತ್ತು ಮುಳುಗಿತೆಂದರೆ ಮನೆಮಂದಿಯೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತೇವೆ. ಹೆಂಡತಿಗೆ ಕಾರವಾರದಲ್ಲಿ ಕೆಲಸ, ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೊರಡುತ್ತಾಳೆ. ಉಳಿದ ದಿನಗಳಲ್ಲಿ ಅಡುಗೆಮನೆ ನನ್ನದು.

ಮಧ್ಯಾಹ್ನಕ್ಕೆ ತೊಂದರೆ ಇಲ್ಲ. ತಂಬುಳಿ, ಹುಳಿ, ಅನ್ನ ನಡೆಯುತ್ತದೆ. ರಾತ್ರಿಯದೇ ಚಿಂತೆ. ಈಗ ಸಂಜೆಯಾಗುತ್ತಲೇ ಚಳಿ ಇಳಿಯುತ್ತದೆ, ಹತ್ತಿರದ ಗುಡ್ಡ ಕೂಡ ಬೆಳಗಿನ ಇಬ್ಬನಿಯಲ್ಲಿ ಕಾಣುವುದಿಲ್ಲ. ಕೈಯೆಲ್ಲ ಅಡಿಕೆಯ ಕಲೆ ಮಾಡಿಕೊಂಡು ಎದ್ದವರಿಗೆ ತಣ್ಣನೆಯ ಅನ್ನ ಮಜ್ಜಿಗೆ ಬಡಿಸಲು ನನಗೆ ಮನಸ್ಸು ಬರುವುದಿಲ್ಲ. ಬಿಸಿಯಾದ, ಹೊಟ್ಟೆ ತುಂಬುವ, ಬಟ್ಟಲಲ್ಲಿ ಹಾಕಿಕೊಂಡು ಒಲೆಯ ಹತ್ತಿರ ಕುಳಿತು ಉಣ್ಣುವಂಥದ್ದು ಬೇಕು.

ಒಂದೇ ಪಾತ್ರೆಯಲ್ಲಿ ಆಗಬೇಕು. ಅನ್ನಕ್ಕಿಂತ ತರಕಾರಿ ಹೆಚ್ಚಿರಬೇಕು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಹಲ್ಲೂ ಗಟ್ಟಿ ಇಲ್ಲ. ಕಾರ್ತಿಕ ಮಾಸವಾದ್ದರಿಂದ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಕ್ಕಳಿಬ್ಬರೂ ತರಕಾರಿ ಗುರುತು ಸಿಗದ ಹಾಗೆ ಕರಗಿದ್ದರೆ ತಟ್ಟೆ ಸರಿಸುತ್ತಾರೆ, ಅದರಲ್ಲಿ ನಾನು ಅವರ ಪಕ್ಷವೇ. ಕುಕ್ಕರಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಹೀರೆಕಾಯಿ ಕರಗಿ ನೀರಾಗುತ್ತದೆ, ಸುವರ್ಣಗಡ್ಡೆ ಮಾತ್ರ ಗಟ್ಟಿಯಾಗಿಯೇ ಕುಳಿತಿರುತ್ತದೆ.

ಮನೆಯಲ್ಲಿ ಇರುವುದು: ಜಗುಲಿಯ ಮೇಲೆ ಬಾಳೆನಾರಿನಲ್ಲಿ ತೂಗುಹಾಕಿದ ಮೊಗೆಕಾಯಿ (ಮಂಗಳೂರು ಸೌತೆ), ಮೂಲೆಯಲ್ಲಿ ಚೀನಿಕಾಯಿ (ಸಿಹಿಗುಂಬಳ), ತೋಟದಲ್ಲಿ ಬಾಳೆಕಾಯಿ, ಸುವರ್ಣಗಡ್ಡೆ, ಕೆಸುವಿನ ಗಡ್ಡೆ. ಮಂಗಳವಾರದ ಸಂತೆಯಿಂದ ತಂದ ಬೀನ್ಸ್, ಕ್ಯಾರೆಟ್, ಹೀರೆಕಾಯಿ. ಬಿಸಿಬೇಳೆಬಾತ್ ಮಾಡಬಲ್ಲೆ, ಆದರೆ ಆ ಮಸಾಲೆ ದಿನವೂ ರಾತ್ರಿ ಹೊತ್ತು ಅಪ್ಪನಿಗೆ ಒಗ್ಗುವುದಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಾಳಿತೀರ, ಸದಾಶಿವಗಡ

ತಮ್ಮ, ನಿಮಗೆ ಬೇಕಾಗಿರುವುದು ಖತಖತೆ. ನಿಮ್ಮ ಮನೆಯಲ್ಲಿರುವ ತರಕಾರಿಯ ಪಟ್ಟಿ ಓದುತ್ತಲೇ ನನಗೆ ಅದೇ ಕಣ್ಣಿಗೆ ಬಂತು. ಕಾರವಾರದಿಂದ ಗೋವಾವರೆಗೆ ಕೊಂಕಣಿ ಮನೆಗಳಲ್ಲಿ ಹಬ್ಬಕ್ಕೆ, ವ್ರತಕ್ಕೆ ಮಾಡುವ ಅಡುಗೆ. ಈರುಳ್ಳಿ ಬೆಳ್ಳುಳ್ಳಿಯ ಮಾತೇ ಇಲ್ಲ. ತೊಗರಿಬೇಳೆ, ಐದು ಬಗೆಗೆ ಕಡಿಮೆ ಇಲ್ಲದಂತೆ ತರಕಾರಿ, ಹಸಿ ತೆಂಗಿನಕಾಯಿಯ ಮಸಾಲೆ, ಹುಳಿಗೆ ಮುರುಗಲು (ಕೋಕಂ), ಪರಿಮಳಕ್ಕೆ ತೆಪ್ಪಾಳ್ ಕಾಯಿ. ಹಬ್ಬದ ದಿನ ಪಕ್ಕದಲ್ಲಿ ಅನ್ನ ಇರುತ್ತದೆ. ಕೆಲಸದ ದಿನಗಳಲ್ಲಿ ನಾನು ಅಕ್ಕಿಯನ್ನೂ ಅದೇ ಪಾತ್ರೆಗೆ ಹಾಕಿಬಿಡುತ್ತೇನೆ. ಚಳಿಯ ರಾತ್ರಿಗೆ ಅದಕ್ಕಿಂತ ಒಳ್ಳೆಯ ಊಟ ನನಗಂತೂ ಗೊತ್ತಿಲ್ಲ.

ಐದು ಜನಕ್ಕೆ ಅಳತೆ ಹೇಳುತ್ತೇನೆ. ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿ 1 ಲೋಟ, ತೊಗರಿಬೇಳೆ ಮುಕ್ಕಾಲು ಲೋಟ, ಹೋಳು ಮಾಡಿದ ತರಕಾರಿ ಎಲ್ಲ ಸೇರಿ 6 ಲೋಟ, ನೀರು 6 ಲೋಟ. ಪಕ್ಕದಲ್ಲಿ ಬಿಸಿನೀರು ಇರಲಿ, ದಪ್ಪವಾದರೆ ಸೇರಿಸಿಕೊಳ್ಳಬಹುದು. ಬೇಳೆಯನ್ನು ಸಂಜೆ ಸುಲಿಯಲು ಕೂರುವ ಮೊದಲೇ ನೆನೆಹಾಕಿ. ಮಸಾಲೆಗೆ ಒಂದು ಲೋಟ ಕಾಯಿತುರಿ, ಐದಾರು ಬ್ಯಾಡಗಿ ಮೆಣಸು, ನಾಲ್ಕು ಕಾಳುಮೆಣಸು ಸಾಕು. ಹುರಿಯುವುದು ಬೇಡ, ಹಸಿಯಾಗಿಯೇ ನುಣ್ಣಗೆ ರುಬ್ಬಿ. ಮಸಾಲೆ ಇಷ್ಟು ಹಗುರವಾಗಿರುವುದರಿಂದಲೇ ದೊಡ್ಡವರ ಹೊಟ್ಟೆಗೆ ಇದು ಭಾರವಾಗುವುದಿಲ್ಲ.

ಈಗ ಮುಖ್ಯವಾದ ಮಾತು. ಒಂದೇ ಪಾತ್ರೆ ಎಂದರೆ ಒಂದೇ ಸಲಕ್ಕೆ ಸುರಿಯುವುದಲ್ಲ. ಪ್ರತಿ ತರಕಾರಿಗೂ ಅದರದೇ ಹೊತ್ತು ಇದೆ. ಕುಕ್ಕರ್ ಬಿಡಿ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಮೊದಲು ಬೇಳೆ, ಅರಿಶಿನ, ಒಂದು ಚಮಚ ಕೊಬ್ಬರಿ ಎಣ್ಣೆ. ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಆದರೆ ಕರಗಿರಬಾರದು. ಇದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಆಗ ಅಕ್ಕಿ, ಜೊತೆಗೆ ಗಟ್ಟಿ ತರಕಾರಿ: ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ಬಾಳೆಕಾಯಿ. ಹತ್ತು ನಿಮಿಷ ಬಿಟ್ಟು ಕ್ಯಾರೆಟ್, ಬೀನ್ಸ್, ಚೀನಿಕಾಯಿ, ಮೊಗೆಕಾಯಿ ಮತ್ತು ಉಪ್ಪು. ಮತ್ತೆ ಹತ್ತು ನಿಮಿಷದ ಮೇಲೆ ಹೀರೆಕಾಯಿ ಮತ್ತು ರುಬ್ಬಿದ ಮಸಾಲೆ. ಚೀನಿಕಾಯಿಯ ಸಿಪ್ಪೆಯನ್ನು ಪೂರ್ತಿ ತೆಗೆಯಬೇಡಿ. ಸಿಪ್ಪೆಯ ಆಸರೆ ಇದ್ದರೆ ಹೋಳು ಹೋಳಾಗಿಯೇ ನಿಲ್ಲುತ್ತದೆ, ಮಕ್ಕಳಿಗೂ ಗುರುತು ಸಿಗುತ್ತದೆ.

ಹುಳಿ ಕಟ್ಟಕಡೆಗೆ. ಆರೇಳು ಎಸಳು ಒಣ ಮುರುಗಲು ಸಿಪ್ಪೆ, ಇಳಿಸುವ ಐದು ನಿಮಿಷ ಮೊದಲು. ಮೊದಲೇ ಹಾಕಿದರೆ ಬೇಳೆಯೂ ಬೇಯುವುದಿಲ್ಲ, ಗಡ್ಡೆಯೂ ಮೆತ್ತಗಾಗುವುದಿಲ್ಲ. ಹುಳಿ ಬಿದ್ದ ನೀರಿನಲ್ಲಿ ಅವು ಬಿರುಸಾಗಿಯೇ ಉಳಿಯುತ್ತವೆ. ಬಹಳ ಮನೆಗಳಲ್ಲಿ ಬೇಳೆಯನ್ನು, ಒಲೆಯನ್ನು ದೂರುತ್ತಾರೆ, ಆದರೆ ಕಾರಣ ಅವಸರಕ್ಕೆ ಬಿದ್ದ ಹುಳಿ.

ತೆಪ್ಪಾಳ್ ಬಗ್ಗೆ ಒಂದೆರಡು ಮಾತು. ನಿಮ್ಮ ಕಡೆ ಜುಮ್ಮನಕಾಯಿ ಎನ್ನುತ್ತಾರಲ್ಲ, ಅದೇ. ಒಣಗಿದ ಕಾಯಿ ಬಾಯಿ ಬಿಟ್ಟಿರುತ್ತದೆ, ಒಳಗೆ ಹೊಳೆಯುವ ಕರಿಬೀಜ. ಬೀಜ ಕಹಿ, ತೆಗೆದು ಎಸೆಯಿರಿ. ನಮಗೆ ಬೇಕಾದದ್ದು ಹೊರಗಿನ ಒರಟು ಸಿಪ್ಪೆ ಮಾತ್ರ. ಹತ್ತು ಹನ್ನೆರಡು ಸಿಪ್ಪೆಯನ್ನು ಚೂರು ಉಪ್ಪುನೀರು ಹಾಕಿ ಕಲ್ಲಿನಲ್ಲಿ ಒಮ್ಮೆ ಜಜ್ಜಿ, ಮುರುಗಲಿನ ಜೊತೆಗೇ ಪಾತ್ರೆಗೆ ಹಾಕಿ ಮುಚ್ಚಿ. ಮಸಾಲೆಯ ಜೊತೆ ಅರೆಯಬಾರದು, ಅರೆದರೆ ಅದರ ಘಾಟು ಉಳಿದೆಲ್ಲವನ್ನೂ ನುಂಗುತ್ತದೆ. ಜಜ್ಜಿ ಹಾಕಿದಾಗ ಕಿತ್ತಳೆ ಸಿಪ್ಪೆ ಹಿಂಡಿದಂಥ ಪರಿಮಳ ಏಳುತ್ತದೆ, ನಾಲಿಗೆಯ ತುದಿ ಸ್ವಲ್ಪ ಜುಮ್ಮೆನ್ನುತ್ತದೆ. ಉಣ್ಣುವಾಗ ಸಿಕ್ಕಿದ ಸಿಪ್ಪೆಯನ್ನು ಬದಿಗಿಡಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿ. ಕಾರವಾರದ ಭಾನುವಾರದ ಸಂತೆಯಲ್ಲಿ ಸಿಗುತ್ತದೆ. ನಿಮ್ಮ ಮನೆಯವರು ಕಾರವಾರದಲ್ಲೇ ಇದ್ದಾರಲ್ಲ, ಒಂದು ಭಾನುವಾರ ಅಲ್ಲಿಯೇ ಉಳಿದಾಗ ತರಲು ಹೇಳಿ.

ಕೊನೆಗೆ ಒಂದು ಚಮಚ ಜೋನಿಬೆಲ್ಲ (ನೀರುಬೆಲ್ಲ). ಬೆಲ್ಲ ಹಾಕುವ ಮೊದಲೇ ನಿಮ್ಮ ತಂದೆಯವರ ಪಾಲನ್ನು ಬೇರೆ ತೆಗೆದಿಡಿ. ಒಗ್ಗರಣೆ ಬೇಡವೇ ಬೇಡ. ಮೇಲಿನಿಂದ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಸುರಿದು ಹತ್ತು ನಿಮಿಷ ಮುಚ್ಚಿಡಿ.

ಬಾಳೆಕೊಪ್ಪಲು, ಸಿದ್ದಾಪುರ

ಕಾಳಿತೀರದ ಅಕ್ಕ ಹೇಳಿದ ಕ್ರಮವನ್ನು ನಾನು ಒಪ್ಪುತ್ತೇನೆ, ಆದರೆ ಒಂದು ತಕರಾರು ಇದೆ. ಹುಳಿ ಕೊನೆಗೆ ಎಂದರೆ ಸುವರ್ಣಗಡ್ಡೆ, ಕೆಸುವಿನ ತುರಿಕೆಗೆ ಏನು ಮಾಡುವುದು? ಗಂಟಲು ಕೆರೆತ ಬಂದರೆ ವಯಸ್ಸಾದವರಿಗೆ ರಾತ್ರಿಯಿಡೀ ಕಷ್ಟ. ನಮ್ಮಲ್ಲಿ ಸುವರ್ಣಗಡ್ಡೆ ಎಂದರೆ ಹುಣಸೆಹುಳಿ ಜೊತೆಗೇ ಬೇಯುವುದು ವಾಡಿಕೆ.

ಭಾವ, ನೀವು ಹೀಗೆ ಮಾಡಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗಡ್ಡೆ ಹೆಚ್ಚಿ. ತೊಳೆದು ಹೆಚ್ಚುವುದಕ್ಕಿಂತ ಒಣಗಿದ್ದಾಗಲೇ ಸಿಪ್ಪೆ ತೆಗೆದು ಹೆಚ್ಚಿದರೆ ಕೈ ತುರಿಸುವುದು ಕಡಿಮೆ. ಹೋಳುಗಳನ್ನು ಹುಣಸೆನೀರು, ಉಪ್ಪು ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಆ ನೀರನ್ನು ಚೆಲ್ಲಿ, ತೊಳೆದು ಪಾತ್ರೆಗೆ ಹಾಕಿ. ಬೇಳೆಗೆ ಹುಳಿ ತಾಗುವುದಿಲ್ಲ, ಗಡ್ಡೆಯ ತುರಿಕೆಯೂ ತಗ್ಗುತ್ತದೆ. ಕಿತ್ತು ಸ್ವಲ್ಪ ದಿನ ಇಟ್ಟ ಗಡ್ಡೆಯಾದರೆ ಇನ್ನೂ ಒಳ್ಳೆಯದು. ಅಂದೇ ಅಗೆದದ್ದನ್ನು ರಾತ್ರಿಯ ಅಡುಗೆಗೆ ಬಳಸಬೇಡಿ. ಗಡ್ಡೆ ಪೂರ್ತಿ ಬೆಂದಿರಬೇಕು, ಅರೆಬೆಂದದ್ದು ಖಂಡಿತ ಕೆರೆಯುತ್ತದೆ.

ಅಡಿಕೆ ಬೇಯಿಸುವ ಒಲೆ ಹೇಗೂ ಉರಿಯುತ್ತಿರುತ್ತದೆ. ಅದರ ಬದಿಗೆ ಮೂರು ಕಲ್ಲಿಟ್ಟು ಕೆಂಡ ಎಳೆದುಕೊಳ್ಳಿ. ಸುಲಿಯುತ್ತಾ ಕುಳಿತಲ್ಲಿಂದಲೇ ಕಣ್ಣಿಡಬಹುದು, ಕೆಂಡದ ನಿಧಾನ ಕಾವು ಇಂಥ ಅಡುಗೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮುರುಗಲು ಬೀಳುವ ಅಡುಗೆಗೆ ಅಲ್ಯೂಮಿನಿಯಂ ಪಾತ್ರೆ ಬೇಡ, ಕಲಾಯಿ ಹೋದ ಹಿತ್ತಾಳೆ ತಪ್ಪಲೆಯೂ ಬೇಡ. ಸ್ಟೀಲ್ ಆಗುತ್ತದೆ. ಮನೆಯಲ್ಲಿ ಹಳೆಯ ಕಲ್ಲಿನ ಮರಿಗೆ ಇದ್ದರೆ ಹುಳಿ ಹಾಕಿದ ಮೇಲೆ ಅದಕ್ಕೆ ಬಗ್ಗಿಸಿಡಿ. ತಡವಾಗಿ ಉಣ್ಣುವವರಿಗೂ ಬಿಸಿ ಉಳಿದಿರುತ್ತದೆ.

ಕಾಡಂಚು, ಜೋಯಿಡಾ

ಗಡ್ಡೆಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ಕುಣಬಿ ಸಮುದಾಯದ ಮನೆಗಳಲ್ಲಿ ಬೆಳೆಯುವ ಮುಡ್ಲಿ ಮತ್ತು ಕೋನ ಗಡ್ಡೆ ಸಿಕ್ಕರೆ ಬಿಡಬೇಡಿ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳಕ್ಕೆ ಬಂದರೆ ಒಂದೇ ಕಡೆ ಹತ್ತಾರು ಬಗೆಯ ಗಡ್ಡೆ ನೋಡಬಹುದು. ಮುಡ್ಲಿ ಕೆಸುವಿನ ಜಾತಿಯದು, ಆದರೆ ಗಾತ್ರ ದೊಡ್ಡದು, ಬೆಂದ ಮೇಲೆ ಹಿಟ್ಟುಹಿಟ್ಟಾಗಿರುತ್ತದೆ. ಒಂದೆರಡು ಹೋಳು ಪಾತ್ರೆಯಲ್ಲಿ ಒಡೆದು ಸೇರಿಕೊಂಡರೆ ರಸ ತಾನಾಗಿಯೇ ದಪ್ಪವಾಗುತ್ತದೆ. ಅಕ್ಕಿಯನ್ನು ಅರ್ಧಕ್ಕೆ ಇಳಿಸಬಹುದು. ಈ ಗಡ್ಡೆಗಳನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರು ಈ ಜನ, ಪೇಟೆಯವರು ಕೊಂಡು ಉಂಡರೆ ಮಾತ್ರ ಮುಂದೆಯೂ ಉಳಿಯುತ್ತವೆ.

ತೋಟದಂಚು, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಕ್ಕ ಹೇಳಿದ ಕ್ರಮದಲ್ಲೇ ಮಾಡಿದೆ, ಗಡ್ಡೆಗೆ ಸಿದ್ದಾಪುರದ ಭಾವ ಹೇಳಿದ ಉಪಚಾರವನ್ನೂ ಮಾಡಿದೆ. ತೆಪ್ಪಾಳ್ ಪಕ್ಕದ ಮನೆಯಲ್ಲಿ ಸಿಕ್ಕಿತು. ಚೀನಿಕಾಯಿ ಹೋಳು ಹೋಳಾಗಿಯೇ ನಿಂತಿತ್ತು. ಮಗಳು ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟುಕೊಂಡು ಅದನ್ನೇ ಚಮಚ ಮಾಡಿಕೊಂಡು ಉಂಡಳು. ಅಪ್ಪ ಎರಡನೆಯ ಸಲ ಹಾಕಿಸಿಕೊಂಡರು. ಗಂಟಲು ಯಾರಿಗೂ ಕೆರೆಯಲಿಲ್ಲ.

ಎರಡು ಸಂದೇಹ. ಅಪ್ಪನಿಗಾಗಿ ಅಕ್ಕಿಯನ್ನು ಇನ್ನೂ ಕಡಿಮೆ ಮಾಡಿದರೆ ತೆಳ್ಳಗಾಗಿ ಸಾರಿನಂತೆ ಆಗುವುದಿಲ್ಲವೇ? ಉಳಿದದ್ದನ್ನು ಬೆಳಿಗ್ಗೆ ಏನು ಮಾಡುವುದು?

ಗಜನಿ, ಕುಮಟಾ

ಅಕ್ಕಿಯ ಬಗ್ಗೆ ನಾನು ಹೇಳುತ್ತೇನೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಇದೆಯಲ್ಲ, ಅದರ ಅಕ್ಕಿ ಸಿಕ್ಕರೆ ಬಳಸಿ ನೋಡಿ. ಅಗಿಯಲು ಸಿಗುವ, ರುಚಿಯುಳ್ಳ ಅಕ್ಕಿ, ಅರ್ಧ ಲೋಟದಲ್ಲೇ ಊಟ ಮಾಡಿದ ತೃಪ್ತಿ ಬರುತ್ತದೆ. ಬೇಯಲು ಹೊತ್ತು ಬೇಕು, ಹಾಗಾಗಿ ಬೇಳೆಯ ಜೊತೆಗೇ ಹಾಕಬೇಕು. ತಂದೆಯವರ ಹಲ್ಲಿನ ವಿಷಯ ಬರೆದಿದ್ದೀರಿ, ಅವರಿಗೆ ಇನ್ನೂ ಹದಿನೈದು ನಿಮಿಷ ಹೆಚ್ಚು ಬೇಯಿಸಿ ಗಂಜಿಯ ಹದಕ್ಕೆ ತನ್ನಿ. ಇದಕ್ಕೆ ಬಸಳೆ ದಂಟು ಬಹಳ ಚೆನ್ನಾಗಿ ಸೇರುತ್ತದೆ. ದಂಟನ್ನು ಕ್ಯಾರೆಟ್ಟಿನ ಜೊತೆ, ಎಲೆಯನ್ನು ಹೀರೆಕಾಯಿಯ ಜೊತೆ ಹಾಕಿ.

ಕಾಳಿತೀರ, ಸದಾಶಿವಗಡ

ತಂದೆಯವರು ಎರಡನೆಯ ಸಲ ಹಾಕಿಸಿಕೊಂಡರು ಎಂದು ಓದಿ ಬಹಳ ಸಂತೋಷವಾಯಿತು ತಮ್ಮ.

ತೆಳ್ಳಗಾಗುವ ಭಯ ಬೇಡ. ಅಕ್ಕಿ ತೆಗೆದಷ್ಟು ಜಾಗಕ್ಕೆ ಮೊಳಕೆ ಬರಿಸಿದ ಹೆಸರುಕಾಳು ಹಾಕಿ. ಜೋಯಿಡಾದವರು ಹೇಳಿದ ಹಾಗೆ ಗಡ್ಡೆಯ ನಾಲ್ಕು ಹೋಳನ್ನು ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಒತ್ತಿ ಹಿಸುಕಿದರೂ ಸಾಕು, ರಸ ಹಿಡಿದುಕೊಳ್ಳುತ್ತದೆ. ನೀರನ್ನು ಒಂದು ಲೋಟ ಕಡಿಮೆ ಇಟ್ಟುಕೊಳ್ಳಿ, ಮೊಗೆಕಾಯಿ ಮತ್ತು ಹೀರೆಕಾಯಿ ತಾವೇ ನೀರು ಬಿಡುತ್ತವೆ. ಆದರೆ ಗಡ್ಡೆ, ಬಾಳೆಕಾಯಿ ಕೂಡ ಪಿಷ್ಟವೇ. ಸಕ್ಕರೆ ಇರುವವರಿಗೆ ಅಕ್ಕಿಯನ್ನು ಇಳಿಸಿ ಗಡ್ಡೆಯನ್ನು ಏರಿಸಿದರೆ ಲಾಭವಿಲ್ಲ. ಅವರ ಬಟ್ಟಲಿಗೆ ಬೀನ್ಸ್, ಹೀರೆಕಾಯಿ, ಮೊಗೆಕಾಯಿ ಹೆಚ್ಚು ಬರುವ ಹಾಗೆ ಬಡಿಸಿ, ಅನ್ನದ ಅಳತೆ ವೈದ್ಯರು ಹೇಳಿದಷ್ಟೇ ಇರಲಿ.

ಮಿಕ್ಕದ್ದು ಮರುದಿನ ಇನ್ನೂ ರುಚಿ. ಹುಳಿ, ತೆಪ್ಪಾಳ್ ರಾತ್ರಿಯೆಲ್ಲ ಹೋಳಿನ ಒಳಗೆ ಇಳಿದಿರುತ್ತದೆ. ಆದರೆ ಅನ್ನ ಸೇರಿರುವುದರಿಂದ ಹೊರಗಿಡಬೇಡಿ, ಬಿಸಿ ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಬೆಳಿಗ್ಗೆ ಅರ್ಧ ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕುದಿಸಿ. ಸೌಟಿನಿಂದ ಜೋರಾಗಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲುಗಿಸಿ. ಇಲ್ಲದಿದ್ದರೆ ಇಷ್ಟು ಜೋಪಾನ ಮಾಡಿದ ಚೀನಿಕಾಯಿ ಆಗ ಒಡೆದುಹೋಗುತ್ತದೆ. ನೀರುದೋಸೆಯ ಜೊತೆ ಬಡಿಸಿ. ಅಡಿಕೆ ಅಟ್ಟ ಹತ್ತುವ ಮುನ್ನ ಉಂಡರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ.