ತಂಗಿ ಬೇರೆ ಮನೆಯಲ್ಲಿ ಸ್ವತಂತ್ರವಾಗಿ ಬದುಕಲು ಬಯಸುತ್ತಿದ್ದಾಳೆ: ಸಿದ್ಧತೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ ಕೇಳಿದವರು: ಅಣ್ಣ

ನನ್ನ ತಂಗಿಗೆ 31 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ದೇಹದ ಚಲನೆಗೆ ತೊಡಕಾಗುವ ಸ್ಥಿತಿ) ಇದೆ. ವಿದ್ಯುತ್ ಚಾಲಿತ ಗಾಲಿಕುರ್ಚಿಯನ್ನು ತಾನೇ ನಡೆಸುತ್ತಾಳೆ, ಆದರೆ ಕೈಗಳ ಸ್ನಾಯುಗಳು ಬಿಗಿಯಾಗಿರುವುದರಿಂದ ಬಟ್ಟೆ ತೊಡಲು, ಸ್ನಾನ ಮಾಡಲು, ಅಡುಗೆಗೆ ಇನ್ನೊಬ್ಬರ ನೆರವು ಬೇಕು. ಮಾತು ನಿಧಾನವಾದ್ದರಿಂದ ಹೊಸಬರಿಗೆ ಒಮ್ಮೆಲೇ ಅರ್ಥವಾಗುವುದಿಲ್ಲ. ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ಸಂಪಾದಿಸುತ್ತಿದ್ದಾಳೆ.

ಬಾಡಿಗೆ ಮನೆ ಹಿಡಿದು ಬೇರೆಯಾಗಿ ಬದುಕುವ ತೀರ್ಮಾನವನ್ನು ಇತ್ತೀಚೆಗೆ ಆಕೆ ನಮ್ಮೆಲ್ಲರ ಮುಂದಿಟ್ಟಿದ್ದಾಳೆ. ತಂದೆತಾಯಿಗೆ ವಯಸ್ಸಾಗಿದೆ, ತಮ್ಮ ನಂತರ ಮಗಳ ಗತಿಯೇನು ಎಂಬ ಚಿಂತೆ ಅವರಿಗೂ ಇದೆ. ಆದರೂ ಬಟ್ಟೆ ತೊಡುವುದನ್ನೂ ಒಂದಿಷ್ಟು ಅಡುಗೆಯನ್ನೂ ತಾನೇ ಮಾಡಿಕೊಳ್ಳಲು ಕಲಿಯುವವರೆಗೆ ಮನೆ ಬಿಡುವ ಮಾತೇ ಬೇಡ ಎನ್ನುವುದು ತಾಯಿಯ ನಿಲುವು. ಒಳ್ಳೆಯ ವಸತಿ ಕೇಂದ್ರವೊಂದಕ್ಕೆ ಸೇರಿಸುವುದೇ ಕ್ಷೇಮ ಎಂದು ಬಂಧುಗಳಲ್ಲಿ ಕೆಲವರು ಹೇಳುತ್ತಾರೆ. ನಾನು ತಂಗಿಯ ಪರವಾಗಿದ್ದೇನೆ, ಆದರೆ ಯಾವುದರಿಂದ ಶುರುಮಾಡಬೇಕೆಂದು ತಿಳಿಯುತ್ತಿಲ್ಲ. ಮೊದಲು ತರಬೇತಿಯೇ, ಮನೆಯೇ, ಸಹಾಯಕಿಯೇ? ರಾತ್ರಿಯ ಹೊತ್ತಿಗೆ ಏನು ವ್ಯವಸ್ಥೆ? ಕುಟುಂಬದವರು ಎಷ್ಟರ ಮಟ್ಟಿಗೆ ಕೈಹಾಕಬಹುದು? ತಂಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಉತ್ತರಗಳನ್ನು ಆಕೆಯೂ ಓದುತ್ತಾಳೆ.

ಉತ್ತರಿಸಿದವರು: ಗಾಲಿಕುರ್ಚಿ ಬಳಕೆದಾರ್ತಿ

ನಿಮ್ಮ ತಂಗಿಯೂ ಓದುತ್ತಾರೆಂದು ತಿಳಿಸಿದ್ದರಿಂದ ಅವರನ್ನೂ ಉದ್ದೇಶಿಸಿಯೇ ಬರೆಯುತ್ತೇನೆ. ನಾನು ಸಹಾಯಕಿಯರ ನೆರವಿನಿಂದ ನನ್ನದೇ ಮನೆಯಲ್ಲಿ ಹಲವು ವರ್ಷಗಳಿಂದ ಬದುಕುತ್ತಿರುವವಳು.

ನಿಮ್ಮ ತಾಯಿಯವರ ಷರತ್ತು ಪ್ರೀತಿಯಿಂದಲೇ ಬಂದದ್ದು, ಆದರೆ ಅದರ ಕ್ರಮ ತಲೆಕೆಳಗಾಗಿದೆ. ಕೈಗಳ ಬಿಗಿತ ತರಬೇತಿಯಿಂದ ಪೂರ್ತಿ ಹೋಗುವಂಥದ್ದಲ್ಲವಾದ್ದರಿಂದ, ಮೊದಲು ಎಲ್ಲವನ್ನೂ ಕಲಿ, ಆಮೇಲೆ ಹೋಗು ಎಂದರೆ ಎಂದಿಗೂ ಹೋಗಬೇಡ ಎಂದೇ ಅರ್ಥವಾಗುತ್ತದೆ. ಯಾರು ಎಷ್ಟು ಕಲಿತಿದ್ದಾರೆ ಎಂಬುದನ್ನು ಅಳೆದು ಬದುಕಿಗೆ ಅರ್ಹತಾಪತ್ರ ಕೊಡುವ ಈ ಪದ್ಧತಿಯ ವಿರುದ್ಧವೇ ಸ್ವತಂತ್ರ ಜೀವನ ಚಳವಳಿ ಹುಟ್ಟಿದ್ದು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಅಮೆರಿಕದ ಎಡ್ ರಾಬರ್ಟ್ಸ್ ಅವರಿಗೆ 14ನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕತ್ತಿನಿಂದ ಕೆಳಗಿನ ಚಲನೆ ಬಹುತೇಕ ನಿಂತುಹೋಯಿತು. ಮಲಗುವಾಗ ಉಸಿರಾಟಕ್ಕೆ ಕಬ್ಬಿಣದ ಶ್ವಾಸಯಂತ್ರದೊಳಗೇ ಇರಬೇಕಾಗಿತ್ತು. 1962ರಲ್ಲಿ ಅವರು ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರುವ ಹೊತ್ತಿನಲ್ಲಿ, ಇಷ್ಟು ತೀವ್ರ ಅಂಗವೈಕಲ್ಯವಿರುವವರು ಉದ್ಯೋಗಕ್ಕೆ ಒದಗಲಾರರೆಂದು ರಾಜ್ಯದ ಪುನರ್ವಸತಿ ಇಲಾಖೆ ನೆರವನ್ನು ನಿರಾಕರಿಸಿತ್ತು. ಅಂಗವಿಕಲರೇ ಸೇರಿ ನಡೆಸುವ ಸ್ವತಂತ್ರ ಜೀವನ ಕೇಂದ್ರವನ್ನು ಅವರೂ ಗೆಳೆಯರೂ 1972ರಲ್ಲಿ ಅದೇ ಬರ್ಕ್ಲಿಯಲ್ಲಿ ಕಟ್ಟಿದರು. 1975ರಲ್ಲಿ ಅದೇ ಇಲಾಖೆಗೆ ಅವರು ಮುಖ್ಯಸ್ಥರಾದರು. ಅಷ್ಟೂ ಕಾಲ ಅವರಿಗೆ ಇನ್ನೊಬ್ಬರ ಕೈಗಳ ನೆರವು ಬೇಕೇ ಇತ್ತು. ಅವರ ಕೇಂದ್ರ ಮುಖ್ಯವಾಗಿ ಮಾಡುತ್ತಿದ್ದ ಕೆಲಸಗಳನ್ನು ಗಮನಿಸಿ: ಮನೆ ಹುಡುಕಿಕೊಡುವುದು, ಸಹಾಯಕರನ್ನು ಗೊತ್ತುಮಾಡಿಕೊಡುವುದು, ಗಾಲಿಕುರ್ಚಿ ದುರಸ್ತಿ ಮಾಡುವುದು.

ಆದ್ದರಿಂದ ಮೊದಲು ಮನೆ ಮತ್ತು ಸಹಾಯಕಿ, ಕಲಿಕೆ ಆ ಮನೆಯಲ್ಲಿಯೇ ಎನ್ನುವುದು ನನ್ನ ಸಲಹೆ. ನಿಮ್ಮ ತಂಗಿ ನಿಜವಾಗಿ ಕಲಿಯಬೇಕಾದದ್ದು ಗುಂಡಿ ಹಾಕಿಕೊಳ್ಳುವುದನ್ನಲ್ಲ, ಕೆಲಸಕ್ಕೆ ಜನರನ್ನು ಆರಿಸಿ ಅವರಿಂದ ಕೆಲಸ ಮಾಡಿಸಿಕೊಳ್ಳುವುದನ್ನು. ಇದು ಬಹಳ ಕಷ್ಟದ ಕಲೆ, ಯಾರೂ ನಮಗೆ ಕಲಿಸಿಕೊಡುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಯಾವ ಹೊತ್ತಿನಲ್ಲಿ ಯಾವ ನೆರವು ಬೇಕೆಂದು ಅವರೇ ಬರೆದಿಡಲಿ. ಆ ಬರಹದಿಂದಲೇ ಎಷ್ಟು ಗಂಟೆಯ ಸಹಾಯ ಬೇಕೆಂಬುದು ತಿಳಿಯುತ್ತದೆ, ಅದೇ ಮುಂದೆ ಸಹಾಯಕಿಗೆ ಕೊಡುವ ಕೆಲಸದ ವಿವರಣೆಯೂ ಆಗುತ್ತದೆ. ಸಂದರ್ಶನವನ್ನೂ ಅವರೇ ನಡೆಸಲಿ. ನೀವು ಪಕ್ಕದಲ್ಲಿ ಕುಳಿತರೆ ಬಂದವರು ನಿಮ್ಮ ಮುಖವನ್ನೇ ನೋಡಿ ಉತ್ತರ ಕೊಡುತ್ತಾರೆ, ಯಜಮಾನರು ಯಾರೆಂಬುದು ಮೊದಲ ದಿನವೇ ತಪ್ಪಾಗಿ ಇತ್ಯರ್ಥವಾಗಿಬಿಡುತ್ತದೆ. ಮಾತು ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆಯಾಡಿಸುವವರನ್ನು ಆರಿಸಬಾರದು. ಇನ್ನೊಮ್ಮೆ ಹೇಳಿ ಎಂದು ಸಂಕೋಚವಿಲ್ಲದೆ ಕೇಳುವವರು ಕೆಲಸದಲ್ಲಿ ಹೊಸಬರಾದರೂ ಪರವಾಗಿಲ್ಲ.

ಒಬ್ಬರನ್ನೇ ಇಡೀ ದಿನಕ್ಕೆ ನೇಮಿಸುವುದಕ್ಕಿಂತ ಇಬ್ಬರು ಮೂವರನ್ನು ಹೊತ್ತು ಹಂಚಿ ನೇಮಿಸುವುದು ಮೇಲು, ಏಕೆಂದರೆ ಒಬ್ಬರಿಗೆ ಜ್ವರ ಬಂದ ದಿನ ನಮ್ಮ ಬದುಕು ನಿಲ್ಲಬಾರದು. ರಜೆ, ವೇತನ, ಕೆಲಸದ ಮಿತಿ ಎಲ್ಲವೂ ಬರಹದಲ್ಲಿರಲಿ. ವೇತನ ನಿಮ್ಮ ತಂಗಿಯ ಖಾತೆಯಿಂದಲೇ ಹೋಗಲಿ, ಹಣದಲ್ಲಿ ಒಂದು ಪಾಲು ಕುಟುಂಬದ್ದಾಗಿದ್ದರೂ ಸಹ. ಸ್ವೀಡನ್ನಿನಲ್ಲಿ 1994ರಿಂದ ಜಾರಿಯಲ್ಲಿರುವ ಕಾನೂನು ವೈಯಕ್ತಿಕ ಸಹಾಯವನ್ನು ಹಕ್ಕಾಗಿ ಮಾಡಿದೆ, ಬ್ರಿಟನ್ 1996ರ ಕಾಯ್ದೆಯ ಮೂಲಕ ಸೇವೆಯ ಬದಲು ಹಣವನ್ನೇ ನೇರವಾಗಿ ಕೊಡಲು ಅವಕಾಶ ಮಾಡಿತು. ಎರಡರ ಹಿಂದೆಯೂ ಇರುವ ತಿಳಿವಳಿಕೆ ಒಂದೇ, ಸಂಬಳ ಕೊಡುವ ಕೈಯ ಮಾತನ್ನೇ ಸಹಾಯಕರು ಕೇಳುತ್ತಾರೆ.

ಉತ್ತರಿಸಿದವರು: ಆಕ್ಯುಪೇಷನಲ್ ಥೆರಪಿಸ್ಟ್

ಮೇಲಿನವರ ಮಾತಿಗೆ, ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಜನರಿಗೆ ನೆರವಾಗುವ ನನ್ನ ವೃತ್ತಿಯ ಕಡೆಯಿಂದ ಒಂದು ಸಮರ್ಥನೆಯಿದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿಗೆ ಆದ ಹಾನಿ ಹೆಚ್ಚುವುದಿಲ್ಲ, ಆದರೆ ಬಿಗಿದ ಸ್ನಾಯುಗಳೊಡನೆ ದಿನವೂ ಸೆಣಸುವ ದೇಹ ಬೇಗ ಸವೆಯುತ್ತದೆ; ಕೀಲುನೋವು ಮತ್ತು ಅತಿಯಾದ ಆಯಾಸ ವಯಸ್ಕರಲ್ಲಿ ಸಾಮಾನ್ಯ, ಇದ್ದ ಚಲನಶಕ್ತಿ ನಡುವಯಸ್ಸಿಗೆ ಮುಂಚೆಯೇ ಕುಗ್ಗುವುದೂ ಉಂಟು. ಬಟ್ಟೆ ತೊಡುವುದರಲ್ಲಿಯೇ ಬೆಳಗಿನ ಕಸುವನ್ನೆಲ್ಲ ಕಳೆದುಕೊಂಡವರು ಲೆಕ್ಕಪತ್ರದ ಮುಂದೆ ಕುಳಿತಾಗ ಅವರಲ್ಲಿ ಏನು ಉಳಿದಿರುತ್ತದೆ? ಯಾವ ಕೆಲಸಕ್ಕೆ ತಮ್ಮ ಶಕ್ತಿಯನ್ನು ವ್ಯಯಿಸಬೇಕೆಂಬುದನ್ನು ಅವರೇ ನಿರ್ಧರಿಸಲಿ.

ಮನೆ ನೋಡಲು ಹೋಗುವಾಗ ಗಾಲಿಕುರ್ಚಿಯೊಡನೆ ಅವರೇ ಹೋಗಬೇಕು, ಜೊತೆಗೆ ಅಳತೆಯ ಟೇಪು ಇರಬೇಕು. ಬಾಗಿಲು ತೆರೆದಾಗ ಸಿಗುವ ಜಾಗ ಕನಿಷ್ಠ 80 ಸೆಂಟಿಮೀಟರ್, 90 ಇದ್ದರೆ ಒಳ್ಳೆಯದು. ಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಖಾಲಿ ಜಾಗ ಬೇಕು, ಬಚ್ಚಲಿನಲ್ಲಿಯೂ ಸಹ. ಇಳಿಜಾರಿನ ಪ್ರಮಾಣ 1:12 ಎಂದು ಹಿಡಿದರೆ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲೊಂದಕ್ಕೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಒಂದೇ ಮೆಟ್ಟಿಲು ತಾನೇ ಎಂದು ಮನೆ ತೋರಿಸುವವರು ಹೇಳಿದಾಗ ಈ ಲೆಕ್ಕ ನೆನಪಿರಲಿ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. ಶೌಚಾಸನದ ಎತ್ತರ ಗಾಲಿಕುರ್ಚಿಯ ಆಸನದ ಎತ್ತರಕ್ಕೆ ಹೊಂದುವಂತಿದ್ದರೆ ಕುರ್ಚಿಯಿಂದ ಅದಕ್ಕೆ ಜರುಗುವುದು ಸುಲಭ. ಹಿಡಿಕೆಗಳನ್ನು ಹೊದಿಕೆಯ ಹಲಗೆಗೆ ಬಿಗಿಯದೆ ಗಟ್ಟಿಗೋಡೆಗೇ ಬಿಗಿಸಿ.

ರಾತ್ರಿಯ ಪ್ರಶ್ನೆಗೆ ಬರೋಣ. ಏನಾದರೂ ಆದರೆ ಎಂಬ ಭಯಕ್ಕೆ ಉತ್ತರವಿಲ್ಲ, ಏನು ಆಗಬಹುದು ಎಂಬ ಪ್ರಶ್ನೆಗೆ ಇದೆ. ಮಗ್ಗುಲು ಬದಲಿಸಲು ನೆರವು ಬೇಕೇ? ಶೌಚಕ್ಕೆ ಏಳಬೇಕಾಗುತ್ತದೆಯೇ? ನುಂಗುವಾಗ ಕೆಮ್ಮು ಬರುತ್ತದೆಯೇ? ವಿದ್ಯುತ್ ಹೋದರೆ ಹಾಸಿಗೆಯಿಂದ ಬಳಸುವ ಯಾವ ಯಾವ ಸಾಧನಗಳು ಕೆಲಸ ಮಾಡುವುದಿಲ್ಲ? ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಹಾರವಿದೆ. ರಾತ್ರಿ ನೆರವೇ ಬೇಡದವರಿಗೆ ಕೈಗೆಟಕುವ ತುರ್ತುಗುಂಡಿ, ಧ್ವನಿಯಿಂದ ನಡೆಯುವ ದೀಪ ಮತ್ತು ದೂರವಾಣಿ ಸಾಕಾಗಬಹುದು. ಆದರೆ ನಿಧಾನ ಮಾತನ್ನು ಆ ಸಾಧನ ಗುರುತಿಸುತ್ತದೆಯೇ ಎಂಬುದನ್ನು ಕೊಳ್ಳುವ ಮುಂಚೆ ಅವರ ಧ್ವನಿಯಲ್ಲಿಯೇ ಪರೀಕ್ಷಿಸಿ, ಎಷ್ಟೋ ಸಾಧನಗಳು ಅಲ್ಲಿಯೇ ಸೋಲುತ್ತವೆ. ಬಚ್ಚಲಿನ ತುರ್ತುಹಗ್ಗ (ನೆರವಿಗೆ ಕರೆಯಲು ಎಳೆಯುವ ಹಗ್ಗ) ನೆಲದ ಹತ್ತಿರದವರೆಗೆ ಇಳಿದಿರಬೇಕು. ಗುಡಿಸಲು ಅಡ್ಡಿಯೆಂದು ಅದನ್ನು ಮೇಲಕ್ಕೆ ಗಂಟುಹಾಕಿರುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ನುಂಗುವ ತೊಂದರೆ ಇದ್ದರೆ ಮಾತ್ರ ಒಬ್ಬರೇ ಊಟ ಮಾಡುವ ವಿಚಾರವನ್ನು ಮಾತಿನ ಜೊತೆಗೆ ನುಂಗುವಿಕೆಯನ್ನೂ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಒಬ್ಬರ ತಪಾಸಣೆಯ ನಂತರವೇ ತೀರ್ಮಾನಿಸಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಉತ್ತರಿಸಿದವರು: ನಿವೃತ್ತ ಓದುಗ

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಇನ್ನೊಂದು ಪಕ್ಷವನ್ನೂ ಹೇಳಬೇಕೆನಿಸಿತು. ಮುಚ್ಚಿದ ಬಾಗಿಲಿನ ಹಿಂದೆ ಸಹಾಯಕಿಯೊಬ್ಬಳು ಕದ್ದರೆ, ಬೈದರೆ, ಹೊಡೆದರೆ ನೋಡುವವರು ಯಾರು? ವಸತಿ ಕೇಂದ್ರದಲ್ಲಿ ಕನಿಷ್ಠ ನಾಲ್ಕು ಕಣ್ಣುಗಳಿರುತ್ತವೆ, ರಾತ್ರಿಯೂ ಸಿಬ್ಬಂದಿ ಇರುತ್ತಾರೆ. ಚಿಕ್ಕದಾದ, ಚೆನ್ನಾಗಿ ನಡೆಯುವ ಕೇಂದ್ರವೊಂದು ಸಿಕ್ಕರೆ ಅದನ್ನು ತಳ್ಳಿಹಾಕುವುದು ಆದರ್ಶದ ಹಟವಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಉತ್ತರಿಸಿದವರು: ಗಾಲಿಕುರ್ಚಿ ಬಳಕೆದಾರ್ತಿ

ಹಿರಿಯರ ಆತಂಕ ಸುಳ್ಳಲ್ಲ, ಆದರೆ ಕೇಂದ್ರಗಳ ಬಾಗಿಲೂ ಮುಚ್ಚಿಯೇ ಇರುತ್ತದೆ, ಅಲ್ಲಿನ ನಾಲ್ಕು ಕಣ್ಣುಗಳೂ ಒಂದೇ ಸಂಸ್ಥೆಯಿಂದ ಸಂಬಳ ಪಡೆಯುತ್ತವೆ. ನನ್ನ ಸಹಾಯಕಿ ಸರಿಯಿಲ್ಲದಿದ್ದರೆ ನಾನು ಆಕೆಯನ್ನು ಬಿಡಿಸಬಲ್ಲೆ. ಕೇಂದ್ರದ ಸಿಬ್ಬಂದಿ ಸರಿಯಿಲ್ಲದಿದ್ದರೆ ಮನೆ ಬಿಡಬೇಕಾದವಳು ನಾನೇ.

ಕೇಂದ್ರ ಚಿಕ್ಕದೋ ದೊಡ್ಡದೋ ಎಂಬುದು ಅಳತೆಗೋಲಲ್ಲ. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, 2008ರ ಮೇ ತಿಂಗಳಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿ, ಎಲ್ಲಿ ಮತ್ತು ಯಾರೊಡನೆ ವಾಸಿಸಬೇಕೆಂಬುದನ್ನು ಇತರರಂತೆಯೇ ಆರಿಸಿಕೊಳ್ಳುವ ಹಕ್ಕನ್ನು ಅಂಗವಿಕಲರಿಗೆ ಮಾನ್ಯ ಮಾಡುತ್ತದೆ. ಈ ವಿಧಿಯನ್ನು ವಿವರಿಸುತ್ತಾ ಒಡಂಬಡಿಕೆಯ ಸಮಿತಿ 2017ರಲ್ಲಿ ಸ್ಪಷ್ಟಪಡಿಸಿದ್ದು ಇದನ್ನೇ: ನೂರಕ್ಕೂ ಹೆಚ್ಚು ಜನರಿರುವ ಸಂಸ್ಥೆಯಿರಲಿ, ಐದರಿಂದ ಎಂಟು ಜನರ ಮನೆಯಿರಲಿ, ಒಬ್ಬರೇ ಇರುವ ಮನೆಯೇ ಇರಲಿ, ಯಾರಿಂದ ನೆರವು ಪಡೆಯಬೇಕೆಂಬುದರಲ್ಲಿ, ಯಾವಾಗ ಏಳಬೇಕು ಯಾವಾಗ ಉಣ್ಣಬೇಕೆಂಬುದರಲ್ಲಿ ತನ್ನ ಮಾತು ನಡೆಯದಿದ್ದರೆ ಅದು ಸ್ವತಂತ್ರ ಜೀವನವಲ್ಲ. ನಾವು ಏರ್ಪಡಿಸುವ ಬಾಡಿಗೆ ಮನೆಯೂ ಇದೇ ಪರೀಕ್ಷೆಯಲ್ಲಿ ಸೋಲಬಹುದು ಎಂಬುದನ್ನು ಅಣ್ಣನವರು ಗಮನಿಸಬೇಕು.

ಕಳ್ಳತನ, ಹಿಂಸೆಗಳ ಬಗ್ಗೆ ಮುನ್ನೆಚ್ಚರಿಕೆ ಬೇಕೇ ಬೇಕು. ಬ್ಯಾಂಕಿನ ರಹಸ್ಯಸಂಖ್ಯೆ ಸಹಾಯಕಿಗೆ ತಿಳಿಯಬಾರದು. ಸಹಾಯಕಿಯ ನೆರವಿಲ್ಲದೆ ನಿಮ್ಮ ತಂಗಿ ತಾವೇ ಬಳಸಬಲ್ಲ ದೂರವಾಣಿ ಸದಾ ಅವರ ಕೈಗೆ ಸಿಗುವಂತಿರಬೇಕು. ಕುಟುಂಬಕ್ಕೂ ಸಹಾಯಕಿಗೂ ಸೇರದ ಒಬ್ಬರಾದರೂ ಅವರೊಡನೆ ಆಗಾಗ ಏಕಾಂತದಲ್ಲಿ ಮಾತನಾಡುವಂತಿರಬೇಕು.

ಉತ್ತರಿಸಿದವರು: ಒಬ್ಬ ತಾಯಿ

ನನ್ನ ಮಗನಿಗೆ ಬೌದ್ಧಿಕ ಅಂಗವೈಕಲ್ಯವಿದೆ, ನಿಮ್ಮ ತಂಗಿಯಂತೆ ಲೆಕ್ಕಪತ್ರ ಅವನಿಗೆ ತಿಳಿಯುವುದಿಲ್ಲ. ಅವನೂ ಈಗ ತನ್ನದೇ ಮನೆಯಲ್ಲಿದ್ದಾನೆ. ತರಬೇತಿ ಕೇಂದ್ರದ ಒಲೆಯಲ್ಲಿ ಚೆನ್ನಾಗಿ ಅನ್ನ ಮಾಡುತ್ತಿದ್ದವನಿಗೆ ಬೇರೆ ಒಲೆಯ ಮುಂದೆ ಕೈ ಓಡಲಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲವೆಂಬುದು ಅವನಂಥವರಿಗೆ ಕಲಿಸುವವರೆಲ್ಲರಿಗೂ ತಿಳಿದ ಸಂಗತಿ, ಹಾಗಿದ್ದೂ ಮೊದಲು ಕೇಂದ್ರದಲ್ಲಿ ಕಲಿಸಿ ಆಮೇಲೆ ಮನೆ ಎಂಬ ಕ್ರಮವನ್ನೇ ಹಿಡಿದು ಕುಳಿತಿರುತ್ತಾರೆ. ಅವನು ವಾಸಿಸುವ ಮನೆಯಲ್ಲಿಯೇ, ಅವನ ಒಲೆಯ ಮುಂದೆಯೇ, ಚಿತ್ರಗಳ ಪಟ್ಟಿಯೊಂದನ್ನು ಅಂಟಿಸಿಕೊಂಡು ಕಲಿತ ಮೇಲೆ ಕಲಿತದ್ದು ಅವನಲ್ಲಿ ಉಳಿಯಿತು. ಹಣದ ದೊಡ್ಡ ತೀರ್ಮಾನಗಳಿಗೆ ಅವನೇ ಆರಿಸಿಕೊಂಡ ಮೂವರು ಜೊತೆಗೆ ಕುಳಿತು ವಿವರಿಸುತ್ತಾರೆ. ಕೊನೆಯ ಮಾತು ಅವನದು. ಆ ಮೂವರಲ್ಲಿ ನಾನಿಲ್ಲ, ಅದು ನನಗೆ ಸ್ವಲ್ಪ ನೋವಾದದ್ದೂ ನಿಜ.

ನಿಮ್ಮ ತಾಯಿಯವರಿಗೆ ಇದನ್ನು ಓದಿ ಹೇಳಿ: ಮಗಳು ಬೀಳಬಹುದು, ಹಸಿದಿರಬಹುದು ಎಂದು ಅವರು ಹೆದರುತ್ತಿರಬಹುದು, ಆದರೆ ನಾನು ಕಂಡಂತೆ ನಿಜವಾದ ಅಪಾಯ ಒಂಟಿತನ. ಮನೆ ಸಿಕ್ಕಿತು, ಸಹಾಯಕ ಸಿಕ್ಕಿದ, ಆದರೆ ಸಂಬಳ ಪಡೆಯುವವರನ್ನು ಬಿಟ್ಟು ಬೇರೆ ಯಾರೂ ಬಾಗಿಲು ತಟ್ಟದ ತಿಂಗಳುಗಳು ನನ್ನ ಮಗನಿಗೂ ಬಂದವು. ಆದ್ದರಿಂದ ಮನೆ ಹುಡುಕುವಾಗ ಬಚ್ಚಲಿನ ಅಳತೆಯಷ್ಟೇ ಮುಖ್ಯವಾಗಿ, ಗಾಲಿಕುರ್ಚಿಯಲ್ಲಿ ಒಬ್ಬರೇ ಹೋಗಿಬರಬಹುದಾದ ಗ್ರಂಥಾಲಯ, ಉದ್ಯಾನ, ಅಂಗಡಿ, ಬಸ್ ನಿಲ್ದಾಣ ಎಷ್ಟು ದೂರವಿವೆ, ದಾರಿ ಹೇಗಿದೆ ಎಂಬುದನ್ನು ನೋಡಿ. ಸಹಾಯಕಿಯ ಗಂಟೆಗಳ ಲೆಕ್ಕದಲ್ಲಿ ಸ್ನಾನ, ಊಟಗಳ ಜೊತೆಗೆ ಗೆಳತಿಯರ ಮನೆಗೆ ಹೋಗಿಬರುವ ಹೊತ್ತೂ ಸೇರಿರಲಿ. ಮೊದಲು ಕತ್ತರಿ ಬೀಳುವುದು ಈ ಗಂಟೆಗಳಿಗೇ.

ಪ್ರಶ್ನೆ ಕೇಳಿದವರು: ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ಹೊತ್ತುಹೊತ್ತಿನ ನೆರವಿನ ಪಟ್ಟಿಯನ್ನು ತಂಗಿ ಬರೆಯಲಾರಂಭಿಸಿದ್ದಾಳೆ. ಅದನ್ನು ಓದಿದ ಮೇಲೆ ತಾಯಿ ಅಡುಗೆಯ ಷರತ್ತನ್ನು ಸಡಿಲಿಸಿದ್ದಾರೆ, ಆದರೆ ಹೊಸ ಮನೆಯ ಒಂದು ಬೀಗದ ಕೈ ತಮ್ಮ ಬಳಿ ಇರಲೇಬೇಕೆಂದು ಪಟ್ಟುಹಿಡಿದಿದ್ದಾರೆ. ತಂಗಿ ಒಪ್ಪುತ್ತಿಲ್ಲ. ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರಿಸಿದವರು: ಆಕ್ಯುಪೇಷನಲ್ ಥೆರಪಿಸ್ಟ್

ಇನ್ನೊಂದು ಕೀಲಿಕೈ ಹೊರಗೆ ಇರಲೇಬೇಕು, ಬಿದ್ದಾಗ ಬಾಗಿಲು ಒಡೆಯುವ ಪರಿಸ್ಥಿತಿ ಬರಬಾರದು. ಆದರೆ ಅದು ಯಾರ ಬಳಿ ಇರಬೇಕೆಂಬುದನ್ನು ನಿಮ್ಮ ತಂಗಿ ಹೇಳಲಿ. ಹತ್ತಿರದ ಮನೆಯವರಾದರೆ ದೂರದಲ್ಲಿರುವ ತಾಯಿಗಿಂತ ಬೇಗ ತಲುಪುತ್ತಾರೆ. ತಾಯಿಗೂ ಒಂದನ್ನು ಕೊಡಲು ಅವರು ಒಪ್ಪಿದರೆ ಅದನ್ನು ಯಾವಾಗ ಬಳಸಬಹುದೆಂದು ಮೊದಲೇ ಬರೆದಿಡಿ: ತುರ್ತುಗುಂಡಿ ಒತ್ತಿದಾಗ, ಇಲ್ಲವೇ ಮಾತಾಡಿಕೊಂಡ ಅವಧಿಯವರೆಗೆ ಕರೆಗೂ ಸಂದೇಶಕ್ಕೂ ಉತ್ತರ ಬಾರದಾಗ. ಉಳಿದ ದಿನಗಳಲ್ಲಿ ತಾಯಿಯೂ ಕರೆಗಂಟೆ ಒತ್ತಿ, ಬಾಗಿಲು ತೆರೆಯುವವರೆಗೆ ಹೊರಗೆ ಕಾಯಬೇಕು. ಗಾಲಿಕುರ್ಚಿಯಲ್ಲಿ ಬಂದು ಬಾಗಿಲು ತೆಗೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅವರಿಗೆ ತಿಳಿಸಿರಿ.