ಹಳೇ ಕ್ಯಾಸೆಟ್‌ನ ಮಕ್ಕಳ ಹಾಡುಗಳು: ಮೊದಲು ಧ್ವನಿ ಉಳಿಸಿಕೊಳ್ಳಿ

ನಾವು ದೂರದರ್ಶನದಲ್ಲಿ ನೋಡಿ ಬೆಳೆದ ಮಕ್ಕಳ ಹಾಡುಗಳು ವಿಎಚ್‌ಎಸ್ (ಹಳೇ ವಿಡಿಯೋ) ಕ್ಯಾಸೆಟ್‌ನಲ್ಲಿವೆ, ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ತೋರಿಸೋದು ಹೇಗೆ ಅಂತ ಅಲ್ಲಿ ನೆಲೆಸಿದ ಕನ್ನಡಿಗರು ಕೇಳುತ್ತಲೇ ಇರುತ್ತಾರೆ. ಟೇಪು ಓಡುವ ಸ್ಥಿತಿಯಲ್ಲಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಂಡುಬಿಡಿ. ಎಲ್ಲರೂ ಚಿತ್ರ ಚೆನ್ನಾಗಿ ಬರಲಿ ಅಂತಲೇ ಒದ್ದಾಡುತ್ತಾರೆ. ಹಾಡಿನ ಮಟ್ಟಿಗೆ ಧ್ವನಿಯೇ ಮುಖ್ಯ.

ಅಮೆರಿಕ, ಕೆನಡಾದವರಿಗೆ ಮೊದಲ ತೊಡಕು ಇದು: ಭಾರತದಲ್ಲಿ ರೆಕಾರ್ಡ್ ಆದದ್ದು ಪಾಲ್ (PAL) ಎಂಬ ಟಿವಿ ಪದ್ಧತಿಯಲ್ಲಿ, ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಫ್ರೇಮು. ಅಮೆರಿಕ, ಕೆನಡಾದ ವಿಸಿಆರ್ (ಕ್ಯಾಸೆಟ್ ಓಡಿಸುವ ಯಂತ್ರ) ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿಯದು, 525 ಗೆರೆ. ಟೇಪು ಓಡುವ ವೇಗವೂ ಬೇರೆ. ಹಾಗಾಗಿ ಚಿತ್ರ ಉರುಳುತ್ತೆ, ಬಣ್ಣ ಹೋಗುತ್ತೆ, ಧ್ವನಿಯೂ ತಪ್ಪು ವೇಗದಲ್ಲಿ ಬರುತ್ತೆ. ಕ್ಯಾಸೆಟ್ ಕೆಟ್ಟಿದೆ ಅಂದುಕೊಂಡು ಎಸೆಯಬೇಡಿ. ಪಾಲ್ ಅಥವಾ ಮಲ್ಟಿಸಿಸ್ಟಮ್ (ಎರಡೂ ಪದ್ಧತಿ ಓಡಿಸುವ) ವಿಸಿಆರ್ ಹುಡುಕಿ, ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಫ್ಟ್‌ವೇರಿನಲ್ಲಿ ಪಾಲ್, 720×576 ಅಂತ ಆರಿಸಿ. ಬ್ರಿಟನ್, ಆಸ್ಟ್ರೇಲಿಯಾದವರಿಗೆ ಈ ತಲೆನೋವಿಲ್ಲ.

ಹಾಕುವ ಮುಂಚೆ ಕ್ಯಾಸೆಟ್‌ನ ಮುಂದಿನ ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು ಟೇಪಿನ ಅಂಚು ನೋಡಿ. ಬಿಳಿ ಪುಡಿಯೋ ಜೇಡರ ಬಲೆಯಂಥದ್ದೋ ಕಂಡರೆ ಅದು ಬೂಷ್ಟು. ಓಡಿಸಲೇಬೇಡಿ, ವಿಸಿಆರ್‌ನ ಹೆಡ್ (ಟೇಪನ್ನು ಓದುವ ಭಾಗ) ಕಟ್ಟಿಕೊಳ್ಳುತ್ತೆ, ಮುಂದೆ ಹಾಕಿದ ಕ್ಯಾಸೆಟ್‌ಗೂ ಹತ್ತುತ್ತೆ. ಬೂಷ್ಟಿಲ್ಲದಿದ್ದರೆ ರೆಕಾರ್ಡ್ ಆಗದಂತೆ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದು, ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ.

ವಿಎಚ್‌ಎಸ್‌ನಲ್ಲಿ ಧ್ವನಿಗೆ ಎರಡು ಜಾಗ. ಲೀನಿಯರ್ ಟ್ರ್ಯಾಕ್ ಟೇಪಿನ ಅಂಚಿನಲ್ಲಿರುತ್ತೆ, ಎಲ್ಲ ಕ್ಯಾಸೆಟ್‌ನಲ್ಲೂ ಉಂಟು. ಹೈಫೈ ಟ್ರ್ಯಾಕ್ ಚಿತ್ರದ ಜೊತೆಗೇ ಬರೆದಿರುತ್ತೆ, ಇದ್ದರೆ ನಾದ ತುಂಬಾ ಚೆನ್ನ. ಆದರೆ ಟ್ರ್ಯಾಕಿಂಗ್ (ಹೆಡ್ ಟೇಪಿನ ಗೆರೆಗಳಿಗೆ ಹೊಂದಿಕೊಳ್ಳುವುದು) ಸ್ವಲ್ಪ ತಪ್ಪಿದರೂ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತೆ, ಹಾಡಿನ ಮಧ್ಯೆ ವಿಸಿಆರ್ ತಾನಾಗಿ ಲೀನಿಯರ್‌ಗೆ ಜಿಗಿಯುತ್ತೆ. ಆಗ ಮೊದಲು ಟ್ರ್ಯಾಕಿಂಗ್ ಸರಿಮಾಡಿ, ಆಗದಿದ್ದರೆ ಇಡೀ ಹಾಡನ್ನು ಲೀನಿಯರ್‌ನಲ್ಲೇ ತೆಗೆದುಕೊಳ್ಳಿ. ಮನೆಯಲ್ಲಿ ಸಾಧಾರಣ ವಿಸಿಆರ್‌ನಿಂದ ರೆಕಾರ್ಡ್ ಮಾಡಿದ್ದರಲ್ಲಿ ಲೀನಿಯರ್ ಒಂದೇ ಇರುತ್ತೆ. ಗಂಟಲು ಕಟ್ಟಿದ ಹಾಗೆ ಕೇಳಿದರೆ ಆಡಿಯೋ ಹೆಡ್ ಕೊಳೆಯಾಗಿರುವುದೇ ಹೆಚ್ಚು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ತಾಳದ ಝಣ್ ಮರಳಿ ಬರುತ್ತೆ. ಪಕ್ಕದಲ್ಲಿ ತಿರುಗುವ, ಚಿತ್ರ ಓದುವ ಡ್ರಮ್ ಮಾತ್ರ ಹತ್ತಿಯಿಂದ ಉಜ್ಜಬೇಡಿ, ಅದರ ಹೆಡ್ ತೀರಾ ನಾಜೂಕು.

ಧ್ವನಿಯನ್ನು 48 ಕಿಲೋಹರ್ಟ್ಸ್ ವೇವ್ (WAV) ಫೈಲಾಗಿ ಬೇರೆಯೇ ಇಟ್ಟುಕೊಳ್ಳಿ. ಅತಿ ಜೋರಿನ ಜಾಗದಲ್ಲೂ ಸಾಫ್ಟ್‌ವೇರಿನ ಮೀಟರಿನಲ್ಲಿ ಧ್ವನಿಯ ಮಟ್ಟ −6 ಡೆಸಿಬೆಲ್ ದಾಟದಿರಲಿ. ಒಡೆದ ಧ್ವನಿ ಮತ್ತೆ ಕೂಡುವುದಿಲ್ಲ. ಸುಯ್ ಶಬ್ದ ತೆಗೆಯುವ ಪ್ರಯೋಗವೆಲ್ಲ ನಕಲಿನ ಮೇಲಿರಲಿ. ಅದು ಅತಿಯಾದರೆ ತಂಬೂರಿಯ ಝೇಂಕಾರವನ್ನೂ ನುಂಗುತ್ತೆ.

ಇನ್ನೊಂದು ಸಂಗತಿ ತುಂಬ ಜನರನ್ನು ಗೊಂದಲಕ್ಕೆ ಕೆಡವುತ್ತೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದ ಫಿಲ್ಮನ್ನು ಪಾಲ್ ಪ್ರಸಾರದಲ್ಲಿ 25ರಲ್ಲಿ ಓಡಿಸುವುದು ರೂಢಿಯಾಗಿತ್ತು. ಹಾಗೆ ಓಡಿಸಿದಾಗ ಹಾಡು ಸುಮಾರು 4% ಬೇಗ ಸಾಗುತ್ತೆ, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತೆ. ಅದೇ ಹಾಡು ಮೂಲ ವೇಗದಲ್ಲಿ ಇಂಟರ್ನೆಟ್‌ನಲ್ಲಿ ಸಿಕ್ಕಾಗ ‘ಇದು ನಾವು ಕೇಳಿದ್ದಲ್ಲ, ಎಳೆದ ಹಾಗಿದೆ’ ಅನ್ನಿಸುವುದು ಇದಕ್ಕೇ. ನಿಮ್ಮ ನೆನಪು ಸರಿಯಾಗಿಯೇ ಇದೆ. ಕ್ಯಾಸೆಟ್‌ನ ವೇಗ ತಿದ್ದಲು ಹೋಗಬೇಡಿ. ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾದಿಂದ ತೆಗೆದ ಹಾಡಿಗೆ ಈ ವ್ಯತ್ಯಾಸ ಅನ್ವಯಿಸದು.

ಮಕ್ಕಳಿಗೆ ಇಡೀ ಕಾರ್ಯಕ್ರಮ ಹಾಕಿ ಕೂರಿಸಿದರೆ ಎದ್ದು ಹೋಗುತ್ತಾರೆ. ಒಂದೊಂದು ಹಾಡು ಕತ್ತರಿಸಿ, ವಾರಕ್ಕೆ ಒಂದೇ ಹಾಡು ಕೊಡಿ. 1996ರಲ್ಲಿ ಶುರುವಾದ ಬ್ಲೂಸ್ ಕ್ಲೂಸ್ ಎಂಬ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮದ ಒಂದೇ ಕಂತನ್ನು ಸತತ ಐದು ದಿನ ಪ್ರಸಾರ ಮಾಡುತ್ತಿದ್ದರು. ಮರಳಿ ನೋಡಿದಷ್ಟೂ ಪುಟಾಣಿಗಳು ಹೆಚ್ಚು ಬಾಯಿಗೂಡಿಸುತ್ತಿದ್ದರು. ಮೊದಲೆರಡು ದಿನ ಚಿತ್ರದೊಂದಿಗೆ ತೋರಿಸಿ, ಆಮೇಲೆ ಬೇರೆ ಇಟ್ಟುಕೊಂಡ ಆ ವೇವ್ ಫೈಲನ್ನೇ ಕಾರಿನಲ್ಲಿ ಹಾಕಿ. ಸಾಲಿನ ಕೊನೆಯ ಪದ ಬರುವಾಗ ಧ್ವನಿ ತಗ್ಗಿಸಿದರೆ ಅದನ್ನು ಅವರೇ ತುಂಬುತ್ತಾರೆ.